ಆಂಟಲೋಪ್ ವ್ಯಾಲಿಯ ಪಾಪ್ಪಿ ಹೂ ನೋಡೋಕೆ ಬೆಂಗಳೂರಿನಿಂದ: ಟಿಕೆಟ್ ಯಾವ ವಾರಕ್ಕೆ, ಹೊಲಕ್ಕೆ ಯಾವ ಹೊತ್ತಿಗೆ?

ಕನಕಾಂಬರ (ಬಸವನಗುಡಿ)
ಮುಂದಿನ ವಸಂತಕ್ಕೆ ಕ್ಯಾಲಿಫೋರ್ನಿಯಾದ ಆಂಟಲೋಪ್ ವ್ಯಾಲಿ ಪಾಪ್ಪಿ ರಿಸರ್ವ್, ಅಂದರೆ ಕಿತ್ತಳೆ ಬಣ್ಣದ ಪಾಪ್ಪಿ ಕಾಡುಹೂವಿನ ಸಂರಕ್ಷಿತ ಜಾಗ, ನೋಡುವ ಯೋಜನೆ. ಉಳಿಯುವುದು ಲಾಸ್ ಏಂಜಲೀಸ್‌ನಲ್ಲಿ ಮಗಳ ಮನೆಯಲ್ಲಿ. ಜೊತೆಗೆ 70 ದಾಟಿದ ಇಬ್ಬರು ಹಿರಿಯರು: ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ. ಟ್ರಾವೆಲ್ ಏಜೆಂಟ್ "ಏಪ್ರಿಲ್ ಎರಡನೇ ವಾರ ಹೋಗಿ, ಹೂವು ಗ್ಯಾರಂಟಿ" ಅಂತಿದ್ದಾರೆ. ಯುಗಾದಿ ಮುಗಿಸಿಕೊಂಡು ಹೊರಟರೆ ಸಿಗುತ್ತಾ? ದಾರಿ, ಊಟ, ಹಿರಿಯರ ಓಡಾಟ, ಇವುಗಳ ಬಗ್ಗೆಯೂ ಗೊತ್ತಿರುವವರು ಬರೆಯಿರಿ.

ಮಳೆಲೆಕ್ಕ
ಗ್ಯಾರಂಟಿ ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡಿ ಕನಕಾಂಬರ ಅವರೇ. ಸುಮಾರು 1,800 ಎಕರೆಯ ಆ ಜಾಗದಲ್ಲಿ ಯಾರೂ ಬೀಜ ಬಿತ್ತುವುದಿಲ್ಲ, ನೀರು ಹಾಯಿಸುವುದಿಲ್ಲ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹಾಗೆ ಆಗಸ್ಟ್ 15ಕ್ಕೋ ಜನವರಿ 26ಕ್ಕೋ ಹೊಂದಿಸಿ ಅರಳಿಸಿದ ಹೂವಲ್ಲ. ಮಣ್ಣಿನಲ್ಲಿ ಮಲಗಿರುವ ಬೀಜ ಆ ವರ್ಷದ ಮಳೆ ನೋಡಿಕೊಂಡು ಏಳುತ್ತದೆ, ಇಲ್ಲವಾದರೆ ಮತ್ತೊಂದು ವರ್ಷ ಮಲಗೇ ಇರುತ್ತದೆ.

ಅದು ಮೊಹಾವಿ ಮರುಭೂಮಿಯ ಪಶ್ಚಿಮದ ಅಂಚು. ಎತ್ತರ 2,600ರಿಂದ 3,000 ಅಡಿ, ಅಂದರೆ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ. ಮಳೆ ಮಾತ್ರ ತದ್ವಿರುದ್ಧ. ಪಕ್ಕದ ಲ್ಯಾಂಕಾಸ್ಟರ್ ಊರಿಗೆ ವರ್ಷಪೂರ್ತಿ ಬೀಳುವುದು 180 ಮಿ.ಮೀ. ಆಸುಪಾಸು. ಬೆಂಗಳೂರಿನಲ್ಲಿ ಒಂದು ಸೆಪ್ಟೆಂಬರ್ ತಿಂಗಳಲ್ಲೇ ಅಷ್ಟು ಸುರಿಯುತ್ತದೆ. ಅಲ್ಲಿ ಮಳೆಗಾಲ ಅಂದರೆ ಚಳಿಗಾಲ, ನವೆಂಬರ್‌ನಿಂದ ಮಾರ್ಚ್‌ವರೆಗೆ. ಆದ್ದರಿಂದ ವಸಂತದ ಹೂವನ್ನು ನವೆಂಬರ್‌ನಲ್ಲೇ ಓದಲು ಶುರು ಮಾಡಬೇಕು:

ನವೆಂಬರ್–ಡಿಸೆಂಬರ್‌ನಲ್ಲಿ ಒಂದೇ ಸಲಕ್ಕೆ ಸುಮಾರು 25 ಮಿ.ಮೀ. ಹದವಾದ ಮಳೆ ಬೀಳಬೇಕು. ಮರುಭೂಮಿಯ ಎಷ್ಟೋ ಬೀಜಗಳ ಸಿಪ್ಪೆಯಲ್ಲಿ ಮೊಳಕೆ ತಡೆಯುವ ಅಂಶ ಇರುತ್ತದೆ. ಮೂರು ಹನಿ ಬಿದ್ದು ಹೋಗುವ ಮಳೆಗೆ ಅದು ತೊಳೆದುಹೋಗುವುದಿಲ್ಲ. ತೊಳೆದುಹೋದರೆ ಮಾತ್ರ ಬೀಜ ನೆಲವನ್ನು ನಂಬುತ್ತದೆ. ಮೊದಲ ಮಳೆ ಜನವರಿಗೆ ಜಾರಿದರೆ ಗಿಡ ಕುಳ್ಳಾಗುತ್ತದೆ, ಹೂವೂ ಕಡಿಮೆ.

ಜನವರಿ–ಫೆಬ್ರವರಿಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಬಿಟ್ಟು ಬಿಟ್ಟು ಮಳೆ ಬರಬೇಕು. ಒಟ್ಟು ಮಳೆ ಎಷ್ಟು ಅನ್ನುವುದಕ್ಕಿಂತ ಹಂಚಿ ಬಂತಾ ಅನ್ನುವುದೇ ಇಲ್ಲಿ ಮುಖ್ಯ. ಒಂದೇ ವಾರ ಧೋ ಎಂದು ಸುರಿದು ಆಮೇಲೆ ಆರು ವಾರ ಒಣಗಿದರೆ ಮೊಳಕೆ ಸಾಯುತ್ತದೆ. ಮಳೆ ಅತಿಯಾದರೆ ಇನ್ನೊಂದು ತೊಂದರೆ: ಹೊರದೇಶದಿಂದ ಬಂದ ಹುಲ್ಲುಗಳು ಮೊದಲು ಎದ್ದು ಪಾಪ್ಪಿಯ ಬಿಸಿಲು, ನೀರು ಎರಡನ್ನೂ ಕಬಳಿಸುತ್ತವೆ. "ಈ ವರ್ಷ ಮಳೆ ಭರ್ಜರಿ, ಹಾಗಾಗಿ ಹೂವೂ ಭರ್ಜರಿ" ಅನ್ನುವ ಲೆಕ್ಕ ಅಲ್ಲೇ ತಪ್ಪುವುದು.

ಫೆಬ್ರವರಿ ಕೊನೆಗೆ ಚಿತ್ರಗಳಲ್ಲಿ ಸಬ್ಬಸಿಗೆ ಸೊಪ್ಪಿನಂಥ ಬೂದು ಹಸಿರು ಎಲೆ ದಟ್ಟವಾಗಿ ಕಂಡರೆ ಒಳ್ಳೆಯ ಲಕ್ಷಣ. ಆಮೇಲೆ ಉಳಿದಿರುವ ಶತ್ರು ಮಾರ್ಚ್ ಬಿಸಿಲು. ನಾಲ್ಕು ದಿನ ಒಣ ಬಿಸಿಗಾಳಿ ಬೀಸಿದರೆ ಮೂರು ವಾರ ನಿಲ್ಲಬೇಕಾದ ಹೂವು ಒಂದೇ ವಾರದಲ್ಲಿ ಕಾಯಿ ಕಟ್ಟುತ್ತದೆ.

ಸಾಮಾನ್ಯವಾಗಿ ತುಂಬು ಹೂವು ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯೊಳಗೆ. ನಿಮ್ಮ ಹಾಗೆ ಮಗಳ ಮನೆಯಲ್ಲಿ ಉಳಿಯುವವರಿಗೆ ನನ್ನ ಸಲಹೆ: ಮಾರ್ಚ್ 15ರ ಹೊತ್ತಿಗೆ ಅಲ್ಲಿರಿ, ಏಪ್ರಿಲ್ 15ರ ನಂತರ ವಾಪಸ್ ಬನ್ನಿ. ಹೊಲಕ್ಕೆ ಹೋಗುವ ದಿನವನ್ನು ಮೂರು ನಾಲ್ಕು ದಿನ ಮುಂಚೆ ಮಾತ್ರ ನಿಗದಿ ಮಾಡಿ. ಒಂದೇ ವಾರ ಇರುವುದಾದರೆ ಮಾರ್ಚ್ ಕೊನೆಯ ವಾರ ಹಿಡಿಯಿರಿ. ಹಬ್ಬ ಯಾವ ತಾರೀಕಿಗೆ ಬೀಳುತ್ತದೆ ಅಂತ ನೋಡಿಕೊಂಡು ಬೇಕಿದ್ದರೆ ಬೇವು-ಬೆಲ್ಲವನ್ನು ಮಗಳ ಮನೆಯಲ್ಲೇ ತಿನ್ನಿ. ಹೂವನ್ನು ಮುಂದೂಡಲು ಆಗುವುದಿಲ್ಲ.

ಜಯನಗರ ಒಂಬತ್ತನೇ ಬ್ಲಾಕ್
ಏಜೆಂಟ್ ಹೇಳಿದ್ದು ಪೂರ್ತಿ ತಪ್ಪಲ್ಲ ಸರ್. ಚಳಿ ಎಳೆದುಕೊಂಡು ಹೋದ ವರ್ಷಗಳಲ್ಲಿ ಏಪ್ರಿಲ್ ಎರಡನೇ ವಾರವೇ ತುಂಬು ಹೂವು. 2023ರಲ್ಲಿ ಕೂಡ ಮಾರ್ಚ್ ತಂಪಾಗಿತ್ತು, ಹೂವು ಏಪ್ರಿಲ್‌ನಲ್ಲೇ ಮೆರೆದದ್ದು.

ಮಳೆಲೆಕ್ಕ
ಒಪ್ಪಿದೆ ಸರ್, ತಂಪು ವರ್ಷಕ್ಕೆ ಆ ಮಾತು ಸರಿ. ಆದರೆ ಟಿಕೆಟ್ ತೆಗೆಯುವುದು ಡಿಸೆಂಬರ್‌ನಲ್ಲಿ, ಮಾರ್ಚ್ ತಂಪೋ ಬಿಸಿಯೋ ಗೊತ್ತಾಗುವುದು ಮಾರ್ಚ್‌ನಲ್ಲಿ. ಬಿಸಿ ವರ್ಷಕ್ಕೆ ಏಪ್ರಿಲ್ ಎರಡನೇ ವಾರ ಹೋದವರಿಗೆ ಕಾಣುವುದು ಒಣಗಿದ ಕಾಯಿ, ಹಳದಿ ಹುಲ್ಲು. ಬೇಗ ಹೋದವರು ಕಾಯಬಹುದು, ತಡವಾಗಿ ಹೋದವರಿಗೆ ದಾರಿಯೇ ಇಲ್ಲ. ಅದಕ್ಕೇ ನಾನು ಮುಂಚಿನ ಕಡೆ ವಾಲುವುದು. 2017, 2019, 2023 ಹೂವು ಭರ್ಜರಿಯಾಗಿ ಬಂದು ಎಲ್ಲರ ಬಾಯಲ್ಲಿರುವ ವರ್ಷಗಳು. ನಡುವಿನ ವರ್ಷಗಳ ಚಿತ್ರಗಳನ್ನೂ ಒಮ್ಮೆ ನೋಡಿ, ಆಗ ನಿರೀಕ್ಷೆ ಹದಕ್ಕೆ ಬರುತ್ತದೆ.

ಬಿಸಿಲುಗುದುರೆ
ವಾರ ಸರಿಯಾಗಿದ್ದೂ ಹೊತ್ತು ತಪ್ಪಿ ಕೈಸುಟ್ಟುಕೊಳ್ಳುವವರು ತುಂಬ ಜನ. ನಮ್ಮಲ್ಲಿ ಹೂವು ಅಂದ್ರೆ ಬೆಳಗ್ಗೆ ಆರಕ್ಕೆ ಹೋಗಬೇಕು ಅನ್ನೋ ಅಭ್ಯಾಸ. ಈ ಪಾಪ್ಪಿ ಹಾಗಲ್ಲ. ರಾತ್ರಿ ನಾಲ್ಕು ಎಸಳನ್ನೂ ಛತ್ರಿ ಮಡಿಸಿದ ಹಾಗೆ ಸುತ್ತಿಕೊಂಡಿರತ್ತೆ. ಬಿಸಿಲು ಬಿದ್ದು ಗಾಳಿ ಬೆಚ್ಚಗಾದ ಮೇಲೆ, ಅಂದಾಜು ಹತ್ತು ಗಂಟೆಗೆ ಬಿಚ್ಚಿಕೊಳ್ಳೋಕೆ ಶುರು. ಮಧ್ಯಾಹ್ನ ನಾಲ್ಕು ಐದಕ್ಕೆ ಮತ್ತೆ ಮಡಚಿಕೊಳ್ಳತ್ತೆ. ಮೋಡ ಇದ್ದರೆ, ಚಳಿ ಇದ್ದರೆ, ಗಾಳಿ ಜೋರಾದರೆ ದಿನವಿಡೀ ಬಿಚ್ಚೋದೇ ಇಲ್ಲ. ಸಾವಿರಾರು ಹೂವಿರೋ ಗುಡ್ಡ ಆಗ ಬರೀ ಹಸಿರಾಗಿ ಕಾಣತ್ತೆ, ನೋಡಿದವರು "ಹೂವು ಮುಗಿದುಹೋಗಿದೆ" ಅಂತ ಗಾಡಿ ತಿರುಗಿಸ್ತಾರೆ.

ಹಾಗಾಗಿ ಮುನ್ಸೂಚನೆಯಲ್ಲಿ ಮಳೆ ಕಾಲಂಗಿಂತ ಗಾಳಿ ಕಾಲಂ ಮೊದಲು ನೋಡಿ. ಆ ಕಣಿವೆ ಗಾಳಿಗೆ ಹೆಸರುವಾಸಿ, ಮಧ್ಯಾಹ್ನ ಏರತ್ತೆ. ಬೆಳಗ್ಗೆ ಹನ್ನೊಂದರ ಹೊತ್ತಿಗೇ ಗಂಟೆಗೆ 30 ಕಿ.ಮೀ. ಮೀರತ್ತೆ ಅಂತ ಇದ್ದರೆ ಆ ದಿನ ಬಿಟ್ಟುಬಿಡಿ. ಗಾಳಿ ಕಡಿಮೆ, ಬಿಸಿಲು ಸ್ವಚ್ಛ, ಉಷ್ಣತೆ 18 ಡಿಗ್ರಿ ಮೇಲೆ: ಈ ಮೂರೂ ಕೂಡಿದ ದಿನಾನೇ ಹೋಗಬೇಕು. ಹತ್ತೂವರೆಗೆ ಗೇಟ್ ಹತ್ತಿರ ಇದ್ದು ಎರಡಕ್ಕೆ ಹೊರಟರೆ ಹೂವೂ ಪೂರ್ತಿ ಸಿಗತ್ತೆ, ಗಾಳಿಯೂ ತಪ್ಪತ್ತೆ.

ಇನ್ನೊಂದು. ಕ್ಯಾಲಿಫೋರ್ನಿಯಾ ರಾಜ್ಯ ಉದ್ಯಾನಗಳ ವೆಬ್‌ಸೈಟ್‌ನಲ್ಲಿ ಈ ರಿಸರ್ವ್‌ನ ನೇರ ಕ್ಯಾಮೆರಾ ಇದೆ. ಇಲ್ಲಿಂದಲೇ ನೋಡಬಹುದು, ಆದರೆ ನಮ್ಮ ಬೆಳಗ್ಗೆ ಹೊತ್ತಲ್ಲಿ ನೋಡಿದರೆ ಅಲ್ಲಿ ಸಂಜೆ, ರಾತ್ರಿ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ, ಅಲ್ಲಿಂದಾಚೆ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಅಲ್ಲಿನ ಬೆಳಗ್ಗೆ 11 ಅಂದ್ರೆ ಬೆಂಗಳೂರಿನ ರಾತ್ರಿ 11:30. ಮಲಗೋ ಮುಂಚೆ ಒಂದು ಸಲ ನೋಡಿ, ಸಾಕು.

ಕನಕಾಂಬರ (ಬಸವನಗುಡಿ)
ಇಬ್ಬರಿಗೂ ತುಂಬಾ ಧನ್ಯವಾದ. ವಾರ, ಹೊತ್ತು ಎರಡೂ ಸ್ಪಷ್ಟವಾಯಿತು. ದಾರಿ ಹೇಗೆ? ರೈಲಿದೆ ಅಂತ ಕೇಳಿದೆ.

ದಾರಿಬುತ್ತಿ
ರೈಲು ಲ್ಯಾಂಕಾಸ್ಟರ್‌ವರೆಗೆ ಮಾತ್ರ. ಲಾಸ್ ಏಂಜಲೀಸ್ ಯೂನಿಯನ್ ಸ್ಟೇಷನ್‌ನಿಂದ ಮೆಟ್ರೋಲಿಂಕ್‌ನ ಆಂಟಲೋಪ್ ವ್ಯಾಲಿ ಲೈನ್, ಎರಡು ಗಂಟೆಗೂ ಮೇಲೆ ಹಿಡಿಯುತ್ತದೆ. ಅಲ್ಲಿಂದ ರಿಸರ್ವ್ ಇನ್ನೂ 25 ಕಿ.ಮೀ. ದೂರ. ಹೋಗುವಾಗ ಊಬರ್ ಸಿಕ್ಕೀತು. ಹೂವಿನ ಹೊಲದ ಸುತ್ತ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ, ವಾಪಸ್ ಬರಲು ಗಾಡಿ ಕರೆಯಲಾಗದೆ ಸಿಕ್ಕಿಹಾಕಿಕೊಳ್ಳುತ್ತೀರಿ. ಹಿರಿಯರನ್ನು ಕರೆದುಕೊಂಡು ಆ ಸಾಹಸ ಬೇಡ, ಕಾರೇ ಸರಿ.

ಲಾಸ್ ಏಂಜಲೀಸ್ ನಡುಪೇಟೆಯಿಂದ ಸುಮಾರು 125 ಕಿ.ಮೀ., ಟ್ರಾಫಿಕ್ ಇಲ್ಲದಿದ್ದರೆ ಒಂದೂವರೆ ಗಂಟೆ. 5ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ 14ನೇ ಹೆದ್ದಾರಿ ಹಿಡಿಯಿರಿ. ಲ್ಯಾಂಕಾಸ್ಟರ್‌ನಲ್ಲಿ ಅವೆನ್ಯೂ ಐ ಎಕ್ಸಿಟ್‌ನಲ್ಲಿ ಇಳಿದು ಪಶ್ಚಿಮಕ್ಕೆ ನೇರ 15 ಮೈಲಿ. ಅವೆನ್ಯೂ ಐ ಮುಂದೆ ಲ್ಯಾಂಕಾಸ್ಟರ್ ರೋಡ್ ಅಂತ ಹೆಸರು ಬದಲಿಸುತ್ತದೆ, ದಾರಿ ತಪ್ಪಿತು ಅಂದುಕೊಳ್ಳಬೇಡಿ. ಪೆಟ್ರೋಲು, ಶೌಚ, ನೀರು, ತಿಂಡಿ ಎಲ್ಲ ಲ್ಯಾಂಕಾಸ್ಟರ್‌ನಲ್ಲೇ ಮುಗಿಸಿ. ನಕ್ಷೆಯನ್ನು ಅಲ್ಲೇ ಫೋನಿಗೆ ಇಳಿಸಿಕೊಳ್ಳಿ. ಸ್ಯಾನ್ ಹೋಸೆ ಕಡೆಯಿಂದ ಬರುವವರಿಗೆ 5ನೇ ಹೆದ್ದಾರಿಯಿಂದ 138ನೇ ರಸ್ತೆಗೆ ತಿರುಗಿ ಪಶ್ಚಿಮದಿಂದ ಪ್ರವೇಶಿಸುವುದು ಹತ್ತಿರ. ಸುಮಾರು 500 ಕಿ.ಮೀ., ಐದು ಗಂಟೆ, ಒಂದೇ ದಿನದಲ್ಲಿ ಹೋಗಿಬರುವ ದೂರ ಅಲ್ಲ.

ಒಂದು ಕಾರಿಗೆ 10 ಡಾಲರ್ ಪಾರ್ಕಿಂಗ್ ಶುಲ್ಕ, 62 ದಾಟಿದವರಿದ್ದರೆ 9. ಇದು ರಾಜ್ಯದ ಜಾಗ, ಕೇಂದ್ರದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇಲ್ಲಿ ನಡೆಯುವುದಿಲ್ಲ. ಕಾರ್ಡ್ ಜೊತೆ ಸ್ವಲ್ಪ ನಗದೂ ಇರಲಿ. ಹೂವು ಜೋರಿರುವ ಶನಿವಾರ ಭಾನುವಾರ ಪಾರ್ಕಿಂಗ್ ತುಂಬಿ ಕಾರುಗಳು ರಸ್ತೆಯುದ್ದಕ್ಕೂ ಸಾಲುಗಟ್ಟುತ್ತವೆ. ಅವಸರದಲ್ಲಿ ಡಾಂಬರು ಬಿಟ್ಟು ಪಕ್ಕಕ್ಕಿಳಿಸಿದರೆ ಅಲ್ಲಿ ಮೆತ್ತನೆ ಮರಳು, ಚಕ್ರ ಹೂತುಕೊಳ್ಳುತ್ತದೆ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿಕೊಳ್ಳಿ.

ಒಳಗೆ ಊಟ ಮಾರುವುದಿಲ್ಲ. ಪಾರ್ಕಿಂಗ್ ಹತ್ತಿರ ಊಟಕ್ಕೆ ಮೇಜುಗಳಿವೆ, ಗಾಳಿಗೆ ಕಾಗದದ ತಟ್ಟೆ ನಿಲ್ಲುವುದಿಲ್ಲ. ಪುಳಿಯೋಗರೆಯೋ ಚಪಾತಿ ಪಲ್ಯದ ಸುರುಳಿಯೋ ಮುಚ್ಚಳದ ಡಬ್ಬಿಯಲ್ಲಿ ಒಯ್ದರೆ ಸುಖ. ಮೊಸರನ್ನ ತಂಪು ಚೀಲ ಇದ್ದರೆ ಮಾತ್ರ. ನೀರು ತಲೆಗೆ ಎರಡು ಲೀಟರ್. ಬಿಸಿಲು ಬೆಂಗಳೂರಿನಂತೇ ಅನಿಸಿದರೂ ಗಾಳಿ ಒಣ, ಬೆವರು ಕಾಣದ ಹಾಗೆ ಆರಿಹೋಗುತ್ತದೆ, ಬಾಯಾರಿಕೆ ತಡವಾಗಿ ತಿಳಿಯುತ್ತದೆ.

ಬಾಡಿಗೆ ಕಾರು ಓಡಿಸುವ ಯೋಚನೆ ಇರುವ ಬೇರೆ ಓದುಗರಿಗೆ: ನಮ್ಮ ಡಿಎಲ್ ಇದ್ದರೆ ಪ್ರವಾಸಿಗರು ಅಲ್ಲಿ ಓಡಿಸಬಹುದು, ಆದರೂ ಬಾಡಿಗೆ ಕೌಂಟರ್‌ನಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಕೇಳುವುದುಂಟು. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನಿಮ್ಮ ಆರ್‌ಟಿಒದಲ್ಲಿ ಪಡೆಯಿರಿ, ಅದು ನಡೆಯುವುದು ಒಂದೇ ವರ್ಷ. ಹಾಗಾಗಿ ತುಂಬ ಮುಂಚೆ ಮಾಡಿಸಬೇಡಿ.

ವಿಜಯನಗರ ವಾಕರ್
ಮಂಡಿನೋವಿನವರಿಗೆ: ಒಳಗಿನ ಕಾಲುದಾರಿಗಳೆಲ್ಲ ಸೇರಿ ಸುಮಾರು 13 ಕಿ.ಮೀ. ಅಷ್ಟೂ ನಡೆಯಬೇಕಿಲ್ಲ. ಪಾರ್ಕಿಂಗ್ ಮತ್ತು ಮಾಹಿತಿ ಕೇಂದ್ರದ ಹತ್ತಿರ ಗಾಲಿಕುರ್ಚಿ ಹೋಗುವಂಥ ಗಟ್ಟಿ ನೆಲದ ಚಿಕ್ಕ ದಾರಿಯಿದೆ, ಹೂವು ಅದರ ಅಂಚಿಗೇ ಬರುತ್ತದೆ. ಉಳಿದ ದಾರಿಗಳು ಮಣ್ಣಿನವು, ಏರಿಳಿತ ಸೌಮ್ಯ. ಲಾಲ್‌ಬಾಗ್ ಬಂಡೆ ನಿಧಾನವಾಗಿ ಹತ್ತುವವರು ಇಲ್ಲೂ ಹತ್ತುತ್ತಾರೆ. ನೆರಳು ಅನ್ನುವುದು ಮಾತ್ರ ಇಲ್ಲವೇ ಇಲ್ಲ, ಒಂದು ಮರ ಸಿಗುವುದಿಲ್ಲ. ಛತ್ರಿ ಗಾಳಿಗೆ ಉಲ್ಟಾ ಆಗುತ್ತದೆ, ದಾರ ಕಟ್ಟಿದ ಟೋಪಿ ಬೇಕು. ಮಾರ್ಚ್‌ನಲ್ಲಿ ಬೆಳಗಿನ ಜಾವ 4 ಡಿಗ್ರಿ, ಮಧ್ಯಾಹ್ನ 19 ಇರುವ ಊರು. ಒಂದೇ ದಪ್ಪ ಸ್ವೆಟರ್ ಬದಲು ಕಳಚಲು ಬರುವ ಎರಡು ಪದರ, ಮೇಲೆ ಗಾಳಿ ತಡೆಯುವ ಜಾಕೆಟ್. ಸೀರೆ ಉಡುವವರು ಚಪ್ಪಲಿ ಬಿಟ್ಟು ಮುಚ್ಚಿದ ಷೂ ಹಾಕಲಿ.

ಮಾಹಿತಿ ಕೇಂದ್ರ ತೆರೆದಿರುವುದು ಹೂವಿನ ಕಾಲದಲ್ಲಿ ಮಾತ್ರ, ಮಾರ್ಚ್ 1ರಿಂದ ಮೇ ಎರಡನೇ ಭಾನುವಾರದ ಅಮ್ಮಂದಿರ ದಿನದವರೆಗೆ. ಆ ಕಣಿವೆಯ ಕಾಡುಹೂಗಳ ಚಿತ್ರ ಬರೆದ ಜೇನ್ ಪಿನ್‌ಹೇರೋ ಎಂಬ ಕಲಾವಿದೆಯ ಹೆಸರು ಅದಕ್ಕೆ. ಈ ಹೂವಿನ ಜಾಗ ಉಳಿಯಲಿ ಎಂದು ದುಡಿದವರಲ್ಲಿ ಆಕೆಯೂ ಒಬ್ಬರು, 1976ರಲ್ಲಿ ರಿಸರ್ವ್ ಆಯಿತು. ಕೇಂದ್ರದೊಳಗೆ ಗಾಳಿಯಿಲ್ಲ, ಕೂರಲು ಜಾಗವಿದೆ. ಹಿರಿಯರು ಅಲ್ಲಿ ಅರ್ಧ ಗಂಟೆ ಕೂತು ಚಿತ್ರಗಳಲ್ಲಿ ಹೂವಿನ ಗುರುತು ಹಿಡಿದುಕೊಂಡು ಹೊರಗೆ ಬಂದರೆ ನೋಡುವ ಕಣ್ಣೇ ಬೇರೆ.

ಹಾವಿನ ವಿಷಯ ಹೇಳದೆ ಬಿಡುವಂತಿಲ್ಲ. ಮೊಹಾವಿ ಗ್ರೀನ್ ಅನ್ನುವ ರ್‍ಯಾಟಲ್ ಸ್ನೇಕ್ ಅಲ್ಲಿನ ನಿವಾಸಿ, ಬಾಲದ ಗಿಲಕಿ ಆಡಿಸುವ ಜಾತಿ. ಬಿಸಿಲು ಕಾಯಲು ಕಾಲುದಾರಿಗೇ ಬರುತ್ತದೆ. ಗಿಲಕಿ ಸದ್ದು ಬಂದೇ ಬರುತ್ತದೆ ಅಂತ ನಂಬಬೇಡಿ, ಎಷ್ಟೋ ಸಲ ಸುಮ್ಮನೆ ಮಲಗಿರುತ್ತದೆ. ಕಣ್ಣು ನೆಲದ ಮೇಲಿರಲಿ, ಕಂಡರೆ ನಿಂತು, ಹಿಂದೆ ಸರಿದು, ಅದಕ್ಕೆ ದಾರಿ ಬಿಡಿ. ದಾರಿಯಲ್ಲೇ ನಡೆಯುವವರಿಗೆ ಅದು ಕಾಣುತ್ತದೆ, ಹೂವಿನೊಳಗೆ ಕಾಲಿಟ್ಟವರಿಗೆ ಕಾಣುವುದಿಲ್ಲ.

ನಾಡಿಮಿಡಿತ
ಸಕ್ಕರೆ ಕಾಯಿಲೆ ಅಂದಿರಿ, ಅದಕ್ಕೆ ಒಂದು ಮಾತು. ಆ ಕಣಿವೆಯ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಅನ್ನುವ ಶಿಲೀಂಧ್ರ ಇದೆ. ಒಣ ಗಾಳಿಗೆ ಅದರ ಕಣಗಳು ಧೂಳಿನ ಜೊತೆ ಎದ್ದು ಶ್ವಾಸಕೋಶ ಸೇರಿದರೆ ವ್ಯಾಲಿ ಫೀವರ್ ಬರಬಹುದು. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ಅಥವಾ ನೆಗಡಿ ಜ್ವರದ ಹಾಗೆ ಬಂದು ಹೋಗುತ್ತದೆ. ಮಧುಮೇಹಿಗಳಿಗೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರಿಗೆ, ಗರ್ಭಿಣಿಯರಿಗೆ ಅದು ಗಂಭೀರವಾಗುವ ಸಂಭವ ಹೆಚ್ಚು. ಹೆದರಿ ಪ್ರವಾಸ ಬಿಡಬೇಕಿಲ್ಲ. ಧೂಳು ಏಳುವ ದಿನ ಹೋಗಬೇಡಿ, ಗಾಳಿ ಎದ್ದರೆ ಎನ್-95 ಮಾಸ್ಕ್ ಹಾಕಿಸಿ, ಕಾರಿನ ಕಿಟಕಿ ಏರಿಸಿ. ಬಟ್ಟೆ ಮಾಸ್ಕ್ ಇದಕ್ಕೆ ಸಾಲದು.

ಇದನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ: ಲಕ್ಷಣಗಳು ಕಾಣಿಸುವುದು ಒಂದರಿಂದ ಮೂರು ವಾರದ ಮೇಲೆ, ಅಷ್ಟರಲ್ಲಿ ನೀವು ಬೆಂಗಳೂರಿನಲ್ಲಿರಬಹುದು. ಜ್ವರ, ಕೆಮ್ಮು, ವಿಪರೀತ ಸುಸ್ತು ಎಳೆದುಕೊಂಡು ಹೋದರೆ ಇಲ್ಲಿನ ವೈದ್ಯರು ಸಹಜವಾಗಿ ನ್ಯುಮೋನಿಯಾ, ಟಿಬಿ ಕಡೆ ಯೋಚಿಸುತ್ತಾರೆ. "ಮೊಹಾವಿ ಮರುಭೂಮಿಗೆ ಹೋಗಿದ್ದೆವು" ಎಂದು ಮೊದಲ ಭೇಟಿಯಲ್ಲೇ ಹೇಳಿ. ಆ ಒಂದು ವಾಕ್ಯದಿಂದ ಸರಿಯಾದ ರಕ್ತಪರೀಕ್ಷೆ ಬೇಗ ಆಗುತ್ತದೆ. ಇನ್ಸುಲಿನ್ ಇದ್ದರೆ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಜೊತೆಗೇ ಇರಲಿ. ಪ್ರಯಾಣ ವಿಮೆ ತೆಗೆಯುವಾಗ ಮೊದಲೇ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ.

ಕೆಂಗೇರಿ ಕ್ಲಿಕ್
ಹೂವಿನ ಮಧ್ಯೆ ಕೂತ ಫೋಟೋ ಎಲ್ಲರೂ ಹಾಕ್ತಾರಲ್ಲ, ಅದು ಎಲ್ಲಿ ತೆಗೆಯೋದು? ಮೊದಲೇ ಯಾರೋ ನಡೆದು ಸವೆದ ಸಣ್ಣ ಜಾಡುಗಳು ಇರುತ್ತವಂತೆ. ಅದರಲ್ಲಿ ಎರಡು ಹೆಜ್ಜೆ ಒಳಗೆ ಹೋದರೆ ಏನಾಗತ್ತೆ?

ಬೀಜಬುಟ್ಟಿ
ದಯವಿಟ್ಟು ಹೋಗಬೇಡಿ. ಆ ಜಾಡುಗಳೇ ಉತ್ತರ ಹೇಳುತ್ತವೆ ನೋಡಿ: ಅಲ್ಲಿ ಹೂವಿಲ್ಲ. ಕಾಲಿಟ್ಟ ಗಿಡ ಸಾಯುವುದು ಮೊದಲ ನಷ್ಟ. ಮರುಭೂಮಿಯ ಪಾಪ್ಪಿ ಒಂದೇ ಋತು ಬದುಕುವ ಗಿಡ, ಈ ವರ್ಷ ಕಾಯಿ ಕಟ್ಟದಿದ್ದರೆ ಅದರ ಪಾಲಿನ ಬೀಜ ಮಣ್ಣಿಗೆ ಬೀಳುವುದಿಲ್ಲ. ಅದರ ಬೀಜಕೋಶ ಒಣಗಿ ಪಟ್ ಎಂದು ಸಿಡಿದು ಸುತ್ತ ಎರಚುತ್ತದೆ, ಮುಂದಿನ ಹತ್ತು ವಸಂತಗಳ ಠೇವಣಿ ಅದೇ. ಎರಡನೆಯದು ಮಣ್ಣು ಗಟ್ಟಿಯಾಗುವುದು. ವರ್ಷಕ್ಕೆ 180 ಮಿ.ಮೀ. ಮಳೆಯ ನೆಲದಲ್ಲಿ ತುಳಿತಕ್ಕೆ ಗಟ್ಟಿಯಾದ ಮೇಲ್ಮೈ ನಮ್ಮ ಮಲೆನಾಡಿನ ಹಾಗೆ ಒಂದು ಮಳೆಗಾಲದಲ್ಲಿ ಸಡಿಲವಾಗುವುದಿಲ್ಲ. ನೀರು ಇಂಗದೆ ಹರಿದುಹೋಗುತ್ತದೆ, ಬೇರು ಇಳಿಯುವುದಿಲ್ಲ. ಇಂದಿನ ಎರಡು ಹೆಜ್ಜೆ ನಾಳೆ ಬಂದವರಿಗೆ "ಇಲ್ಲಿ ದಾರಿ ಇದೆ" ಎನ್ನುವ ಸೂಚನೆಯಾಗುತ್ತದೆ.

ಇದರ ಕೊನೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಲೇಕ್ ಎಲ್ಸಿನೋರ್ ಊರಿನ ವಾಕರ್ ಕ್ಯಾನ್ಯನ್ ನೋಡಿ. 2019ರಲ್ಲಿ ಪಾಪ್ಪಿ ನೋಡಲು ಅಲ್ಲಿಗೆ ನುಗ್ಗಿದ ಜನರಿಂದ ಹೆದ್ದಾರಿಯೇ ಕಟ್ಟಿಕೊಂಡಿತು, ಗುಡ್ಡದ ತುಂಬ ಅಡ್ಡದಾರಿಗಳು ಬಿದ್ದವು. 2023ರಲ್ಲಿ ಹೂವು ಮತ್ತೆ ಬಂದಾಗ ಊರಿನವರು ಕಣಿವೆಯನ್ನೇ ಮುಚ್ಚಿಬಿಟ್ಟರು, ಯಾರಿಗೂ ಪ್ರವೇಶವಿಲ್ಲ.

ಪಾಪ್ಪಿ ರಿಸರ್ವ್‌ನಲ್ಲಿ ದಾರಿ ಬಿಡುವುದು, ಹೂವು ಕೀಳುವುದು ಎರಡೂ ನಿಯಮಭಂಗ, ದಂಡ ಹಾಕುತ್ತಾರೆ. ನಾಯಿ, ಸೈಕಲ್, ಡ್ರೋನ್‌ಗೂ ಪ್ರವೇಶವಿಲ್ಲ. ಕಿತ್ತರೂ ಪ್ರಯೋಜನವಿಲ್ಲ, ಎಸಳು ಬೇಗನೆ ಉದುರಿಬಿಡುತ್ತದೆ, ಮುಡಿಯಲು ನಿಲ್ಲುವ ಹೂವಲ್ಲ ಅದು. ರಿಸರ್ವ್ ಹೊರಗೆ ರಸ್ತೆ ಪಕ್ಕದ ಹೂವಿನ ಹೊಲಗಳಲ್ಲಿ ಎಷ್ಟೋ ಖಾಸಗಿ ಜಮೀನು, ಬೇಲಿ ಇಲ್ಲ ಎಂದು ಒಳನುಗ್ಗಬೇಡಿ.

ಮೂರನೇ ಕಣ್ಣು
ಕೆಂಗೇರಿಯವರೇ, ಹೂವಿನ ಮಧ್ಯೆ ಇರುವ ಹಾಗೆ ಕಾಣುವ ಫೋಟೋ ದಾರಿ ಮೇಲಿಂದಲೇ ಬರತ್ತೆ. ದಾರಿ ತಿರುಗೋ ಜಾಗ ಹುಡುಕಿ. ನಿಮ್ಮವರು ತಿರುವಿನ ಆಚೆ ದಾರಿ ಮೇಲೆ ನಿಲ್ಲಲಿ, ನೀವು ಈಚೆ ದಾರಿ ಮೇಲೇ ಕುಕ್ಕರಗಾಲಲ್ಲಿ ಕೂತು ಫೋನನ್ನು ಮಂಡಿ ಎತ್ತರಕ್ಕೆ ಇಳಿಸಿ, 2 ಅಥವಾ 3 ಪಟ್ಟು ಜೂಮ್ ಹಾಕಿ. ನಿಮಗೂ ಅವರಿಗೂ ನಡುವಿನ ಹೂವು ಮುಂದೆ, ಗುಡ್ಡದ ಹೂವು ಹಿಂದೆ, ದಾರಿ ಎಲ್ಲೂ ಕಾಣಲ್ಲ. ಹೂವುಗಳ ಮಧ್ಯೆ ಬರಿ ನೆಲ ಇರತ್ತೆ, ನಿಂತು ಮೇಲಿಂದ ತೆಗೆದರೆ ಆ ನೆಲವೆಲ್ಲ ಕಾಣತ್ತೆ, ಹೊಲ ಬೋಳು ಅನ್ಸತ್ತೆ. ಕೆಳಗಿಂದ ಜೂಮ್ ಮಾಡಿದಾಗ ಒಂದರ ಹಿಂದೊಂದು ಒತ್ತರಿಸಿ ದಟ್ಟವಾಗತ್ತೆ. ದೊಡ್ಡ ಕ್ಯಾಮೆರಾ ಇರುವವರಿಗೆ 70-200 ಲೆನ್ಸ್ ಇದ್ದರೆ ಬೇರೆ ಬೇಡ.

ಎಕ್ಸ್‌ಪೋಷರ್ ಬಗ್ಗೆ ಜಾಗ್ರತೆ. ಈ ಕಿತ್ತಳೆ ಎಷ್ಟು ತೀವ್ರ ಅಂದ್ರೆ ಕೆಂಪು ಚಾನೆಲ್ ಮೊದಲೇ ತುಂಬಿ ಎಸಳಿನ ಗೆರೆಗಳೆಲ್ಲ ಅಳಿಸಿ ಬಣ್ಣದ ಮುದ್ದೆ ಆಗತ್ತೆ. ಕ್ಯಾಮೆರಾದಲ್ಲಿ ಎಕ್ಸ್‌ಪೋಷರನ್ನು ಮೂರನೇ ಎರಡರಿಂದ ಒಂದು ಸ್ಟಾಪ್ (ಬೆಳಕಿನ ಅಳತೆ) ಕಡಿಮೆ ಮಾಡಿ. ಫೋನಲ್ಲಿ ಹೂವಿನ ಮೇಲೆ ಒತ್ತಿ ಹಿಡಿದು ಬೆಳಕಿನ ಗೆರೆ ಕೆಳಗೆ ಎಳೆಯಿರಿ. ಸೂರ್ಯ ಹೂವಿನ ಹಿಂದೆ ಇರುವ ಹಾಗೆ ನಿಂತರೆ ಎಸಳು ದೀಪ ಹಚ್ಚಿದ ಹಾಗೆ ಬೆಳಗತ್ತೆ. ಬಟ್ಟೆ ಬಿಳಿ ಅಥವಾ ಕಡು ನೀಲಿ ಇರಲಿ, ಕಿತ್ತಳೆ ಸೀರೆ ಹೂವಲ್ಲಿ ಕರಗಿಹೋಗತ್ತೆ.

ಹನುಮಂತನಗರ ಅಡುಗೆಮನೆ
ಪಾಪ್ಪಿ ಅಂದರೆ ಗಸಗಸೆ ಗಿಡ ತಾನೆ? ಒಂದು ಹಿಡಿ ಬೀಜ ತಂದು ತಾರಸಿಯಲ್ಲಿ ಹಾಕಬಹುದಾ?

ಬೀಜಬುಟ್ಟಿ
ಕುಟುಂಬ ಒಂದೇ, ಗಿಡ ಬೇರೆ. ಪಾಯಸದ ಗಸಗಸೆ ಪಪಾವರ್ ಸೋಮ್ನಿಫೆರಮ್, ಅಫೀಮು ಅದರದ್ದು. ಇದು ಎಶ್‌ಶೋಲ್ಟ್ಸಿಯಾ ಕ್ಯಾಲಿಫೋರ್ನಿಕಾ. ಇದರಲ್ಲಿ ಅಫೀಮು ಇಲ್ಲ, ಬೀಜ ಪಾಯಸಕ್ಕೂ ಬಾರದು. ನಮ್ಮ ಬಯಲುಸೀಮೆಯ ರಸ್ತೆ ಬದಿಯ ಮುಳ್ಳಿನ ಹಳದಿ ಹೂವು, ಅರಿಶಿನ ಉಮ್ಮತ್ತಿ ಅಂತೀವಲ್ಲ, ಅರ್ಜಿಮೋನ್ ಮೆಕ್ಸಿಕಾನ, ಅದೂ ಇದೇ ಬಳಗ. ಕ್ಯಾಲಿಫೋರ್ನಿಯಾ ಈ ಪಾಪ್ಪಿಯನ್ನು 1903ರಲ್ಲಿ ರಾಜ್ಯಪುಷ್ಪ ಮಾಡಿಕೊಂಡಿತು.

ರಿಸರ್ವ್‌ನಿಂದ ಬೀಜ ತರುವಂತಿಲ್ಲ. ಅಂಗಡಿಯಲ್ಲಿ ಕೊಂಡ ಪೊಟ್ಟಣವನ್ನೂ ಸೂಟ್‌ಕೇಸ್‌ನಲ್ಲಿ ತರುವಂತಿಲ್ಲ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಬಿತ್ತನೆ ಬೀಜಕ್ಕೆ ಆಮದು ಪರವಾನಗಿ, ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಇಲ್ಲಿನ ಬೀಜದಂಗಡಿಗಳಲ್ಲೇ ಚಳಿಗಾಲದ ಹೂವಿನ ಬೀಜಗಳ ಜೊತೆ ಸಿಗುತ್ತದೆ, ಅದನ್ನೇ ಹಾಕಿ. ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್. ಒಂದು ಅಡಿ ಆಳದ ಕುಂಡ, ಅರ್ಧದಷ್ಟು ದಪ್ಪ ಮರಳು, ಉಳಿದದ್ದು ಕೆಂಪು ಮಣ್ಣು, ಗೊಬ್ಬರ ಒಂದು ಹಿಡಿ ಸಾಕು. ಗೊಬ್ಬರ ಹೆಚ್ಚಾದರೆ ಎಲೆ ಹಬ್ಬುತ್ತದೆ, ಹೂವು ಬರುವುದಿಲ್ಲ. ಬೀಜದ ಮೇಲೆ 3 ಮಿ.ಮೀ. ಮಣ್ಣು ಉದುರಿಸಿ, ಎರಡು ಮೂರು ವಾರದಲ್ಲಿ ಮೊಳಕೆ. ಸಸಿ ಕಿತ್ತು ನಡಬೇಡಿ, ಅದಕ್ಕಿರುವುದು ಒಂದು ಉದ್ದ ತಾಯಿಬೇರು, ಅದು ಅಲುಗಿದರೆ ಗಿಡ ಉಳಿಯುವುದಿಲ್ಲ. ಬಿತ್ತಿದ ಕುಂಡದಲ್ಲೇ 15 ಸೆಂ.ಮೀ.ಗೆ ಒಂದು ಬಿಟ್ಟು ಉಳಿದವನ್ನು ತೆಗೆಯಿರಿ. ಇಡೀ ದಿನ ಬಿಸಿಲು ಬೇಕು, ನೀರು ನಿಂತರೆ ಕೊಳೆಯುತ್ತದೆ.

ಕನಕಾಂಬರ (ಬಸವನಗುಡಿ)
ಅಷ್ಟು ದೂರ ಹೋಗಿ ಆ ವರ್ಷ ಹೂವೇ ಇಲ್ಲದಿದ್ದರೆ?

ಮಳೆಲೆಕ್ಕ
ಎತ್ತರದ ಲೆಕ್ಕ ಹಿಡಿಯಿರಿ. ತಗ್ಗಿನ ಮರುಭೂಮಿ ಮೊದಲು ಬೆಚ್ಚಗಾಗುತ್ತದೆ, ಮೊದಲು ಅರಳುತ್ತದೆ. ಸ್ಯಾನ್ ಡಿಯಾಗೋ ಕಡೆಯ ಆನ್ಸಾ-ಬೊರೆಗೊ ಮರುಭೂಮಿ ಉದ್ಯಾನದಲ್ಲಿ ಬೊರೆಗೊ ಸ್ಪ್ರಿಂಗ್ಸ್ ಊರು ಸುಮಾರು 600 ಅಡಿಯಲ್ಲಿದೆ, ಅಲ್ಲಿ ಹೂವು ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿಗೆ. ಹೆಂಡರ್ಸನ್ ಕ್ಯಾನ್ಯನ್ ರೋಡ್ ಬದಿಯಲ್ಲಿ ಮರುಭೂಮಿ ಸೂರ್ಯಕಾಂತಿಯ ಹಳದಿ, ಮರಳು ವರ್ಬೀನಾದ ನೇರಳೆ, ಡ್ಯೂನ್ ಪ್ರಿಮ್‌ರೋಸ್‌ನ ಬಿಳಿ ಒಂದೇ ನೋಟಕ್ಕೆ ಸಿಗುತ್ತವೆ. ಹೂವು ಹೆಚ್ಚಿದ ವರ್ಷ ಪಟ್ಟೆಪಟ್ಟೆ ಸ್ಫಿಂಕ್ಸ್ ಪತಂಗದ ಹುಳುಗಳು ಬಂದು ನಾಲ್ಕೇ ದಿನದಲ್ಲಿ ಮೇಯ್ದುಬಿಡುವುದೂ ಉಂಟು. ಪಾಪ್ಪಿ ರಿಸರ್ವ್ ಅದರ ನಂತರ. ಸರಿಸುಮಾರು ಅದೇ ಹೊತ್ತಿಗೆ ಅಥವಾ ತುಸು ಆಮೇಲೆ ಕರೀಸೋ ಪ್ಲೇನ್ ಅನ್ನುವ ಹುಲ್ಲುಗಾವಲಿನ ಬಯಲು. ಅಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಒಳರಸ್ತೆ ಮಣ್ಣಿನದು, ಮಳೆ ಬಿದ್ದ ಮರುದಿನ ಚಕ್ರ ಹೂಳುವ ಜೇಡಿ. ಟ್ಯಾಂಕ್ ತುಂಬಿಸಿ, ಒಣಗಿದ ಮೇಲೆ ಹೋಗಿ.

ಎಲ್ಲಿ ಏನು ಅರಳಿದೆ ಎಂದು ಲಾಸ್ ಏಂಜಲೀಸ್‌ನ ಥಿಯೋಡೋರ್ ಪೇನ್ ಫೌಂಡೇಶನ್ ಮಾರ್ಚ್‌ನಿಂದ ಮೇವರೆಗೆ ಪ್ರತಿ ಶುಕ್ರವಾರ ಹೂವಿನ ವರದಿ ಕೊಡುತ್ತದೆ. ಸಾಮಾಜಿಕ ಜಾಲದ ಫೋಟೋಗಳಿಗಿಂತ ಅದು ವಾಸಿ. ಜಾಲದಲ್ಲಿ 2019ರ ಚಿತ್ರಗಳೇ ಪ್ರತಿ ಮಾರ್ಚ್‌ನಲ್ಲೂ "ನಿನ್ನೆ ತೆಗೆದದ್ದು" ಎಂದು ತಿರುಗುತ್ತವೆ.

ಹೂವು ತೀರಾ ಕೈಕೊಟ್ಟರೂ ಅದೇ ಲ್ಯಾಂಕಾಸ್ಟರ್ ರೋಡ್‌ನಲ್ಲಿ ಇನ್ನಷ್ಟು ಪಶ್ಚಿಮಕ್ಕೆ ಹೋದರೆ ಆರ್ಥರ್ ರಿಪ್ಲಿ ಮರುಭೂಮಿ ಕಾಡು ಸಿಗುತ್ತದೆ. ಜೋಶುವಾ ಮರ, ಜೂನಿಪರ್ ಸೇರಿದ ಹಳೆಯ ಕಾಡು. ಇಡೀ ಕಣಿವೆ ಉಳುಮೆಗೆ ಹೋಗುವ ಮೊದಲು ಹೀಗಿತ್ತು. ಜನ ಕಡಿಮೆ, ನಡೆಯುವುದೂ ಸ್ವಲ್ಪವೇ.

ದಾರಿಬುತ್ತಿ
ವೀಸಾ, ವಿಮಾನ ಎರಡೂ ಕೈಗೆಟುಕದವರಿಗೆ: ಬೆಂಗಳೂರಿನಿಂದ ಪುಣೆ ಹೆದ್ದಾರಿಯಲ್ಲಿ 700 ಕಿ.ಮೀ. ಚಿಲ್ಲರೆ ದೂರದ ಸಾತಾರಾ, ಅಲ್ಲಿಂದ 25 ಕಿ.ಮೀ. ಕಾಸ್ ಪ್ರಸ್ಥಭೂಮಿ. ಅದು ಮರುಭೂಮಿಯಲ್ಲ, ಜಂಬಿಟ್ಟಿಗೆ ಬಂಡೆ. ಆದರೆ ತರ್ಕ ಇದೇ: ತೆಳು ಮಣ್ಣು, ಚಿಕ್ಕ ಋತು, ಅಷ್ಟರಲ್ಲೇ ಅರಳಿ ಬೀಜ ಕಟ್ಟಬೇಕಾದ ಆತುರ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ. ದಿನಕ್ಕೆ ಇಷ್ಟೇ ಜನ ಎನ್ನುವ ಮಿತಿ ಇದೆ, ಆನ್‌ಲೈನ್ ಬುಕಿಂಗ್ ಮೊದಲು, ರೈಲ್ವೆ ಟಿಕೆಟ್ ಆಮೇಲೆ.

ಕನಕಾಂಬರ (ಬಸವನಗುಡಿ)
ಕ್ಯಾಮೆರಾ ನೋಡಿ ದಿನ ನಿರ್ಧರಿಸಿ ಅಂದಿರಿ. ಅದರಲ್ಲಿ ಗುಡ್ಡ ಹಳದಿಯಾಗಿ ಕಂಡರೆ ಅದು ಪಾಪ್ಪಿಯೇ ಅಂತ ಹೇಗೆ ತಿಳಿಯೋದು?

ಬಿಸಿಲುಗುದುರೆ
ಒಳ್ಳೆ ಪ್ರಶ್ನೆ. ಬಂಗಾರದ ಹಳದಿ ಹಾಸು, ನೆಲಕ್ಕಂಟಿದ ಹಾಗಿದ್ದರೆ ಗೋಲ್ಡ್‌ಫೀಲ್ಡ್ಸ್. ಅದು ಪುಟ್ಟ ಸೇವಂತಿಗೆ ಬಳಗದ ಹೂವು. ಹಳದಿ-ಕಿತ್ತಳೆ ಬೆರಕೆಯಾಗಿ ಗಿಡ ಎತ್ತರಕ್ಕಿದ್ದರೆ ಫಿಡಲ್‌ನೆಕ್, ಅದರ ತುದಿ ಪಿಟೀಲಿನ ತಲೆಯ ಹಾಗೆ ಸುರುಳಿ. ನೇರಳೆ ಛಾಯೆ ಬಂದರೆ ಲೂಪಿನ್, ಇಲ್ಲವೇ ಔಲ್ಸ್ ಕ್ಲೋವರ್. ಪಾಪ್ಪಿಯದು ಅಪ್ಪಟ ಕಿತ್ತಳೆ. ಆದರೂ ಕ್ಯಾಮೆರಾ ಬಣ್ಣ ನಂಬೋಕಾಗಲ್ಲ, ಬೆಳಕಿನ ಮೇಲೆ ಬದಲಾಗತ್ತೆ. ಅದಕ್ಕೆ ಎರಡು ಸಲ ನೋಡಿ: ಅವರ ಮಧ್ಯಾಹ್ನ ಒಂದಕ್ಕೆ, ಅಂದ್ರೆ ನಮ್ಮ ರಾತ್ರಿ 1:30ಕ್ಕೆ, ಮತ್ತೆ ಅವರ ಸಂಜೆ ಆರೂವರೆಗೆ, ನಮ್ಮ ಬೆಳಗ್ಗೆ ಏಳಕ್ಕೆ. ಗೋಲ್ಡ್‌ಫೀಲ್ಡ್ಸ್ ಆದರೆ ಸಂಜೆಯೂ ಹಳದಿ ಹಳದಿಯಾಗೇ ಇರತ್ತೆ. ಮಧ್ಯಾಹ್ನ ಕೆಂಡದ ಹಾಗಿದ್ದ ಗುಡ್ಡ ಸಂಜೆಗೆ ಹಸಿರಾಗಿದ್ದರೆ ಅದು ಪಾಪ್ಪಿ. ಮರುದಿನದ ಗಾಳಿ ನೋಡಿಕೊಂಡು ಹೊರಡಿ.